ಯಾವ ಗಳಿಗೆ, ಯಾವ ಪೋರ್ಟು

ನ್ಯಾಟ್ ಲಾಗನ್ನು ರೂಟರಿನಿಂದ ಹೊರಗೆ ಕಳಿಸಿ ಬೇರೊಂದು ಯಂತ್ರದಲ್ಲಿ ಕಾಪಾಡುವುದು ಹೇಗೆಂದು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ನಿನ್ನೆ ಮೊನ್ನೆಯವರೆಗೆ ಕೇಬಲ್ ಟೀವಿ ನಡೆಸುತ್ತಿದ್ದ ಎಷ್ಟೋ ಜನ ಈಗ ಸಣ್ಣ ಊರುಗಳಲ್ಲಿ ಫೈಬರ್ ಎಳೆದು ಇಂಟರ್ನೆಟ್ ಕೊಡುತ್ತಿದ್ದಾರೆ. ಅವರಿಂದಲೂ ಕಾಲೇಜುಗಳ ಲ್ಯಾಬ್ ನೋಡಿಕೊಳ್ಳುವವರಿಂದಲೂ ಈ ಪ್ರಶ್ನೆ ಬರುತ್ತಲೇ ಇದೆ. ನ್ಯಾಟ್ ಅಂದರೇನೆಂದು ಈ ಅಂಕಣದ ಓದುಗರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಒಂದು ಹೊರವಿಳಾಸದ ಹಿಂದೆ ಹತ್ತಾರು ಮನೆಗಳಿವೆ. ಯಾವ ಮನೆಗೆ ಯಾವ ಪೋರ್ಟ್ ಸಿಕ್ಕಿದೆ ಎಂಬುದು ಆ ಪೆಟ್ಟಿಗೆಯ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಸಂಪರ್ಕ ಮುಗಿದ ಕೂಡಲೇ ಅಳಿಸಿಹೋಗುತ್ತದೆ. ಅಳಿಯುವ ಮೊದಲು ಅದನ್ನು ಬರೆದಿಡಬೇಕು.

ತಪ್ಪಾಗಿ ಬರೆದಿಟ್ಟರೆ, ಅಥವಾ ಬರೆದದ್ದನ್ನು ತಪ್ಪಾಗಿ ಓದಿದರೆ ಏನಾಗುತ್ತದೆಂದು ಬೆಂಗಳೂರು ಕಂಡಿದೆ. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸಲಾಗಿದೆ ಎಂಬ ದೂರಿನ ಮೇಲೆ 2007ರಲ್ಲಿ ಪುಣೆಯ ಪೊಲೀಸರು ಇಲ್ಲಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಹಿಡಿದೊಯ್ದರು. ಐವತ್ತು ದಿನ ಆತ ಜೈಲಿನಲ್ಲಿದ್ದ. ಆ ಐಪಿ ವಿಳಾಸದ ಬಗ್ಗೆ ಸೇವಾದಾರ ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಬರೀ ವಿಳಾಸ ಹಿಡಿದು ಹೊರಟಾಗಲೇ ಹೀಗಾಯಿತು. ಇವತ್ತು ವಿಳಾಸದ ಜತೆಗೆ ಪೋರ್ಟನ್ನೂ ಹಿಡಿಯಬೇಕು, ಅದು ಯಾರ ಕೈಯಲ್ಲಿತ್ತೆಂದು ಸೆಕೆಂಡಿನ ಲೆಕ್ಕದಲ್ಲಿ ಹೇಳಬೇಕು. ದಾರಿ ತಪ್ಪಲು ಈಗ ಇನ್ನೂ ಹೆಚ್ಚು ತಿರುವುಗಳಿವೆ.

ಲಾಗನ್ನು ರೂಟರಿನಲ್ಲೇ ಇಟ್ಟುಕೊಂಡರೆ ಸಾಲದೇ ಎಂದು ಕೇಳುವವರಿಗೆ ನಾನು ಯಾವಾಗಲೂ ತೋರಿಸುವುದು ಕ್ಲಿಫರ್ಡ್ ಸ್ಟಾಲ್ ಬರೆದ ‘ದಿ ಕುಕೂಸ್ ಎಗ್’ ಪುಸ್ತಕವನ್ನು. 1989ರ ಪುಸ್ತಕ, ನಡೆದದ್ದು 1986ರಲ್ಲಿ. ಸ್ಟಾಲ್ ಖಗೋಳ ವಿಜ್ಞಾನಿ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ವಿಭಾಗಕ್ಕೆ ಅವರನ್ನು ಕಳಿಸಿದಾಗ ಮೊದಲು ಕೈಗೆ ಬಂದ ಕೆಲಸ, ಲೆಕ್ಕದಲ್ಲಿ ಬಂದಿದ್ದ 75 ಸೆಂಟ್‌ಗಳ ವ್ಯತ್ಯಾಸ ಹುಡುಕುವುದು. ಯಾರೋ ಹೊರಗಿನವನು ಒಳಗೆ ಓಡಾಡುತ್ತಿದ್ದಾನೆಂದು ಅವರಿಗೆ ಗೊತ್ತಾಯಿತು. ಆ ಕಂಪ್ಯೂಟರಿನೊಳಗೇ ಬರೆದಿಟ್ಟರೆ ಬಂದವನು ಅದನ್ನೂ ಓದಬಲ್ಲ, ಅಳಿಸಬಲ್ಲ. ಅದಕ್ಕೇ ಸ್ಟಾಲ್ ವಾರಾಂತ್ಯದಲ್ಲಿ ಕಚೇರಿಯ ಪ್ರಿಂಟರು, ಟರ್ಮಿನಲ್ಲುಗಳನ್ನೆಲ್ಲ ಒಟ್ಟು ಮಾಡಿ ಒಳಬರುವ ಮೋಡೆಮ್ ಸಾಲುಗಳಿಗೆ ನೇರವಾಗಿ ಸಿಕ್ಕಿಸಿದರು. ಆತ ಒತ್ತಿದ ಒಂದೊಂದು ಕೀಲಿಯೂ ಕಾಗದದ ಮೇಲೆ ಮೂಡಿತು. ಕಂಪ್ಯೂಟರನ್ನು ಎಷ್ಟೇ ವಶ ಮಾಡಿಕೊಂಡರೂ ಕಾಗದ ಆತನ ಕೈಗೆಟುಕುತ್ತಿರಲಿಲ್ಲ. ಕೊನೆಗೆ ಜಾಡು ಜರ್ಮನಿಯ ಹ್ಯಾನೋವರ್ ತನಕ ಹೋಯಿತು. ರಿಮೋಟ್ ಲಾಗಿಂಗ್ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ. ಬರೆಯುವ ಯಂತ್ರದ ಬೀಗ ಮುರಿದವನಿಗೆ ಬರಹವಿರುವ ಯಂತ್ರ ಸಿಗಬಾರದು. ಎರಡಕ್ಕೂ ಒಂದೇ ಪಾಸ್‌ವರ್ಡ್ ಇಟ್ಟರೆ ಲಾಗ್ ಎಷ್ಟು ದೂರ ಕಳಿಸಿದರೂ ವ್ಯರ್ಥ.

ಸಾಗಣೆಯ ಮಾತನ್ನು ಬೇಗ ಮುಗಿಸುತ್ತೇನೆ. ಹಳೆಯ ಸಿಸ್‌ಲಾಗ್ ಯುಡಿಪಿಯ 514ನೇ ಪೋರ್ಟಿನಲ್ಲಿ ಹೋಗುತ್ತದೆ. ತಲುಪಿತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ದಟ್ಟಣೆ ಹೆಚ್ಚಿದಾಗ, ದಾಳಿ ನಡೆಯುತ್ತಿರುವಾಗ, ಅಂದರೆ ಲಾಗ್ ಅತ್ಯಂತ ಬೇಕಾದ ಹೊತ್ತಿನಲ್ಲೇ ಸಾಲುಗಳು ಕಳೆದುಹೋಗುತ್ತವೆ. ಆದ್ದರಿಂದ ರೂಟರಿನ ಮಗ್ಗುಲಲ್ಲೇ ಒಂದು ಸಣ್ಣ ಲಿನಕ್ಸ್ ಯಂತ್ರವಿಡಿ. ಅದರಲ್ಲಿ ಆರ್‌ಸಿಸ್‌ಲಾಗ್ ಹಾಕಿ, ಸರತಿಯನ್ನು ಡಿಸ್ಕಿಗೆ ಬರೆಯುವಂತೆ ಮಾಡಿ, ಅಲ್ಲಿಂದ ಮುಂದಕ್ಕೆ ಟಿಎಲ್‌ಎಸ್ ಮೂಲಕ 6514ರಲ್ಲಿ ಕಳಿಸಿ. ಮುಖ್ಯ ಸರ್ವರ್ ರಾತ್ರಿಯೆಲ್ಲ ನಿಂತಿದ್ದರೂ ಬೆಳಿಗ್ಗೆ ಸಾಲುಗಳು ತಲುಪುತ್ತವೆ. ಲಾಗ್ ಹೋಗುವ ದಾರಿಯನ್ನು ಮಾತ್ರ ನ್ಯಾಟ್‌ನಿಂದ ಹೊರಗಿಡಿ. ಇಲ್ಲದಿದ್ದರೆ ಐದು ಶಾಖೆಗಳ ಲಾಗುಗಳು ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ, ಯಾವುದು ಯಾವ ಊರಿನದೆಂದು ಬಿಡಿಸುವುದು ಕಷ್ಟ. ರೂಟರಿಗೆ ಐಪಿಫಿಕ್ಸ್ ಗೊತ್ತಿದ್ದರೆ ಅದು ಇನ್ನೂ ಒಳ್ಳೆಯದು. ನ್ಯಾಟ್ ಘಟನೆಗಳನ್ನು ಅದರಲ್ಲಿ ಹೇಗೆ ಬರೆಯಬೇಕೆಂದು 2017ರ ಆರ್‌ಎಫ್‌ಸಿ 8158 ಒಂದೊಂದು ಅಂಶವನ್ನೂ ಹೆಸರಿಸಿ ಹೇಳಿದೆ.

ಒಂದು ಎಚ್ಚರಿಕೆ. ಫೈರ್‌ವಾಲಿನ ನ್ಯಾಟ್ ನಿಯಮಕ್ಕೆ ಲಾಗ್ ಸೇರಿಸಿ ಕೆಲಸ ಆಯಿತೆನ್ನುವವರಿದ್ದಾರೆ. ಲಿನಕ್ಸಿನಲ್ಲಿ ನ್ಯಾಟ್ ನಿಯಮಕ್ಕೆ ಕಾಣುವುದು ಸಂಪರ್ಕದ ಮೊದಲ ಪ್ಯಾಕೆಟ್ ಮಾತ್ರ. ಪೋರ್ಟ್ ಯಾವಾಗ ಕೊಟ್ಟರೆಂದು ಅದರಿಂದ ತಿಳಿಯುತ್ತದೆ, ಯಾವಾಗ ವಾಪಸು ಬಂತೆಂದು ತಿಳಿಯುವುದಿಲ್ಲ. ಕಾನ್‌ಟ್ರ್ಯಾಕ್ ಘಟನೆಗಳನ್ನೇ ಕೇಳಿಸಿಕೊಂಡು, ಹುಟ್ಟು ಸಾವು ಎರಡನ್ನೂ ಬರೆಯಬೇಕು. ಸಾವೊಂದನ್ನೇ ಬರೆದರೆ ಮತ್ತೊಂದು ತೊಡಕು. ಸ್ಥಾಪಿತ ಟಿಸಿಪಿ ಸಂಪರ್ಕವೊಂದು ಸುಮ್ಮನಿದ್ದರೂ ಲಿನಕ್ಸ್ ಅದನ್ನು 4,32,000 ಸೆಕೆಂಡು, ಅಂದರೆ ಐದು ದಿನ, ಹಿಡಿದುಕೊಂಡಿರುತ್ತದೆ. ಅಷ್ಟರೊಳಗೆ ರೂಟರ್ ರೀಬೂಟ್ ಆದರೆ ಆ ಸಂಪರ್ಕ ಇತ್ತೆಂಬುದಕ್ಕೇ ಸಾಕ್ಷಿಯಿರುವುದಿಲ್ಲ.

‘ಎಲ್ಲವನ್ನೂ ತುಂಬಿಕೊಳ್ಳಿ, ಆಮೇಲೆ ಹುಡುಕೋಣ’ ಎನ್ನುವ ಪಂಥದೊಡನೆ ನನ್ನ ಜಗಳ ಹಳೆಯದು. ಅವರಿಗೆ ಪ್ರತಿ ಸಂಪರ್ಕವೂ ಬೇಕು, ಅದು ಹೋದ ವಿಳಾಸವೂ ಬೇಕು, ಗೋಡೆಯ ಮೇಲೆ ಬಣ್ಣಬಣ್ಣದ ಗ್ರಾಫೂ ಬೇಕು. ಲೆಕ್ಕ ಹಾಕಿ ನೋಡೋಣ. 2014ರ ಆರ್‌ಎಫ್‌ಸಿ 7422 ಒಬ್ಬ ಗ್ರಾಹಕನಿಗೆ ದಿನಕ್ಕೆ 33,000 ಸಂಪರ್ಕ, ಒಂದು ಸಾಲಿಗೆ 150 ಬೈಟ್ ಎಂದು ಹಿಡಿಯುತ್ತದೆ. ಅಂದರೆ ತಲೆಗೆ ದಿನಕ್ಕೆ ಸುಮಾರು 5 ಮೆಗಾಬೈಟ್. ಹತ್ತು ಸಾವಿರ ಗ್ರಾಹಕರಿರುವ ಒಬ್ಬ ಸಣ್ಣ ಸೇವಾದಾರನಿಗೆ ದಿನಕ್ಕೆ 50 ಗಿಗಾಬೈಟ್, ಎರಡು ವರ್ಷಕ್ಕೆ 36 ಟೆರಾಬೈಟ್. ಅಷ್ಟರಲ್ಲಿ ಒಂದು ಸಾಲು ಹುಡುಕಲು ಬೇಕಾದ ಯಂತ್ರದ ಖರ್ಚು ಬೇರೆ.

ಬದಲಿಗೆ ಪೋರ್ಟುಗಳನ್ನು ಕಂತೆಯಾಗಿ ಕೊಡಿ. 65,536ರಲ್ಲಿ ಮೊದಲ 1,024 ಬಿಟ್ಟರೆ ಒಂದು ವಿಳಾಸದಲ್ಲಿ 64,512 ಪೋರ್ಟುಗಳು. ಮನೆಗೆ 1,008ರಂತೆ ಹಂಚಿದರೆ ಸರಿಯಾಗಿ 64 ಮನೆ. ಕಂತೆ ಕೊಟ್ಟಾಗ ಒಂದು ಸಾಲು, ಹಿಂದಕ್ಕೆ ಪಡೆದಾಗ ಒಂದು ಸಾಲು. ಯಾವ ಒಳವಿಳಾಸಕ್ಕೆ ಯಾವ ಕಂತೆಯೆಂದು ಸೂತ್ರದಲ್ಲೇ ನಿಗದಿ ಮಾಡಿದರೆ ಆ ಸಾಲುಗಳೂ ಬೇಡ. ಸೂತ್ರವನ್ನೂ ಅದು ಜಾರಿಯಲ್ಲಿದ್ದ ದಿನಾಂಕವನ್ನೂ, ಒಳವಿಳಾಸ ಯಾವ ಗ್ರಾಹಕನದೆಂಬ ದಾಖಲೆಯನ್ನೂ ಕಾಪಾಡಿದರೆ ಸಾಕು. ಆರ್‌ಎಫ್‌ಸಿ 7422 ಹೇಳುವ ದಾರಿಯೇ ಅದು.

ಆ ಪಂಥದವರ ಒಂದು ವಾದಕ್ಕೆ ಬೆಲೆಯಿದೆ, ಅದನ್ನು ಒಪ್ಪುತ್ತೇನೆ. ದೂರು ಕೊಟ್ಟ ವೆಬ್‌ಸೈಟ್ ಪೋರ್ಟ್ ಬರೆದಿಡದಿದ್ದರೆ, ಹೋದ ವಿಳಾಸ ಮತ್ತು ಹೊತ್ತು ಹಿಡಿದಾದರೂ ಹುಡುಕಬಹುದೆನ್ನುತ್ತಾರೆ. ಯಾರೂ ನೋಡದ ಸೈಟಾದರೆ ಹುಡುಕಬಹುದು. ಜನಪ್ರಿಯ ಸೈಟಾದರೆ ಅದೇ ಸೆಕೆಂಡಿನಲ್ಲಿ ಅದೇ ಹೊರವಿಳಾಸದಿಂದ ಹತ್ತಾರು ಜನ ಅಲ್ಲೇ ಇರುತ್ತಾರೆ, ಅವರಲ್ಲಿ ಒಬ್ಬನನ್ನು ಆರಿಸಿಕೊಡಬೇಕಾಗುತ್ತದೆ. ಮೇಲಾಗಿ, ಹೋದ ವಿಳಾಸ ಬರೆದಿಟ್ಟರೆ ಊರಿನ ಪ್ರತಿ ಮನೆಯವರೂ ಯಾವ ಆಸ್ಪತ್ರೆಯ, ಯಾವ ಬ್ಯಾಂಕಿನ, ಯಾವ ಪಕ್ಷದ ಪುಟ ನೋಡಿದರೆಂಬ ಪಟ್ಟಿ ನಮ್ಮ ಡಿಸ್ಕಿನಲ್ಲಿ ಕೂರುತ್ತದೆ. 2013ರ ಆರ್‌ಎಫ್‌ಸಿ 6888 ಇದನ್ನು ಕಂಡೇ, ಆಡಳಿತದ ಅಗತ್ಯವಿಲ್ಲದಿದ್ದರೆ ಹೋದ ವಿಳಾಸವನ್ನು ಬರೆಯಬಾರದೆಂದಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರಲ್ಲ, ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪರವಾನಗಿ ಪಡೆದ ಸೇವಾದಾರರು ದೂರಸಂಪರ್ಕ ಇಲಾಖೆ ಕೇಳಿದ ದಾಖಲೆಯನ್ನು ಕೇಳಿದ ನಮೂನೆಯಲ್ಲೇ ಇಡಬೇಕು, 2021ರ ಡಿಸೆಂಬರಿನ ತಿದ್ದುಪಡಿಯ ಪ್ರಕಾರ ಎರಡು ವರ್ಷ. ಅದರಲ್ಲಿ ಎರಡು ಮಾತಿಲ್ಲ. ಆ ಕಟ್ಟಳೆಯಿಲ್ಲದ ಹಾಸ್ಟೆಲ್ಲುಗಳೂ ಕಾಲೇಜುಗಳೂ ತಾವಾಗಿಯೇ ವಿದ್ಯಾರ್ಥಿಗಳ ಓಡಾಟವನ್ನೆಲ್ಲ ತುಂಬಿಟ್ಟುಕೊಳ್ಳುವುದನ್ನು ನಾನು ಒಪ್ಪಲಾರೆ.

ಇಲ್ಲಿಂದ ಮುಂದೆ ಡಿಸ್ಕಿನ ಗಾತ್ರ, ಹಳೆಯ ಕಡತ ಮಡಿಸಿಡುವ ಬಗೆ ಬರೆಯಬೇಕಿತ್ತು. ಅವು ಕಾಯಲಿ. ಅದಕ್ಕಿಂತ ದೊಡ್ಡದು ಗಡಿಯಾರ, ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ.

ಬಿಟ್ಟ ಪೋರ್ಟನ್ನು ಕನಿಷ್ಠ 120 ಸೆಕೆಂಡು ಮತ್ತೊಬ್ಬರಿಗೆ ಕೊಡಬಾರದೆಂದು ಅದೇ ಆರ್‌ಎಫ್‌ಸಿ 6888 ಸಲಹೆ ಕೊಡುತ್ತದೆ. ಆ ಅಂಕಿಯನ್ನು ಲಾಗ್ ಇಡುವವರು ಗೋಡೆಗೆ ಬರೆದು ಹಾಕಿಕೊಳ್ಳಬೇಕು. ರೂಟರಿನ ಗಡಿಯಾರಕ್ಕೂ ವೆಬ್‌ಸೈಟಿನ ಗಡಿಯಾರಕ್ಕೂ ಎರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದೇ ಪೋರ್ಟಿಗೆ ಇಬ್ಬರು ವಾರಸುದಾರರು ಹುಟ್ಟಿಕೊಳ್ಳಬಹುದು. ಲಾಗಿನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ, ಆದರೂ ಪೊಲೀಸರು ತಟ್ಟುವ ಬಾಗಿಲು ಬೇರೆ ಮನೆಯದಾಗಿರುತ್ತದೆ.

ಹಳೆಯ ಸಿಸ್‌ಲಾಗ್ ಸಾಲನ್ನು ಒಮ್ಮೆ ಗಮನವಿಟ್ಟು ನೋಡಿ. 2001ರ ಆರ್‌ಎಫ್‌ಸಿ 3164ರಲ್ಲಿ ದಾಖಲಾದ ಆ ರೂಪದಲ್ಲಿ ತಿಂಗಳಿದೆ, ದಿನವಿದೆ, ಗಂಟೆ, ನಿಮಿಷ, ಸೆಕೆಂಡಿದೆ. ವರ್ಷವಿಲ್ಲ. ಯಾವ ದೇಶದ ಹೊತ್ತು ಎಂಬುದೂ ಇಲ್ಲ. ಎರಡು ವರ್ಷ ಕಾಪಾಡಬೇಕಾದ ದಾಖಲೆಯಲ್ಲಿ ವರ್ಷವೇ ಇಲ್ಲದಿದ್ದರೆ ಹೇಗೆ? ನಮ್ಮ ಹೊತ್ತು ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ರೂಟರ್ ನಮ್ಮ ಹೊತ್ತಿನಲ್ಲಿ ಬರೆಯುತ್ತದೆ, ಸರ್ವರ್ ಯುಟಿಸಿಯಲ್ಲಿ ಬರೆಯುತ್ತದೆ, ಎರಡೂ ಒಂದೇ ಕಡತಕ್ಕೆ ಬೀಳುತ್ತವೆ. ಕೊನೆಗೆ ಅದನ್ನು ಓದುವವರು ಠಾಣೆಯ ಬರಹಗಾರರು. 2009ರ ಆರ್‌ಎಫ್‌ಸಿ 5424 ರೂಪದಲ್ಲಿ ವರ್ಷವೂ ಯುಟಿಸಿಯಿಂದ ಇರುವ ಅಂತರವೂ ಸಾಲಿನಲ್ಲೇ ಬರುತ್ತವೆ. ಹಳೆಯ ರೂಪವನ್ನು ಇನ್ನೂ ಇಟ್ಟುಕೊಂಡಿರುವವರು ಇವತ್ತೇ ಬದಲಾಯಿಸಿ. ಎಲ್ಲ ಯಂತ್ರಗಳನ್ನೂ ಯುಟಿಸಿಯಲ್ಲಿಟ್ಟು, ಓದುವಾಗ ಮಾತ್ರ ನಮ್ಮ ಹೊತ್ತಿಗೆ ತಿರುಗಿಸಿಕೊಳ್ಳುವುದು ನನ್ನ ಪದ್ಧತಿ.

ಇನ್ನೊಂದು ತೊಂದರೆ ನಮ್ಮ ಊರುಗಳಲ್ಲಿ ಎದ್ದು ಕಾಣುತ್ತದೆ. ಎಷ್ಟೋ ಅಗ್ಗದ ರೂಟರುಗಳಲ್ಲಿ ಗಡಿಯಾರ ನಡೆಸುವ ಬ್ಯಾಟರಿ ಇಲ್ಲ. ಕರೆಂಟು ಹೋಗಿ ಬಂದರೆ ಅವು ಎಚ್ಚರಗೊಳ್ಳುವುದು 1970ರ ಜನವರಿ ಒಂದರಂದು. ಎನ್‌ಟಿಪಿ ಸರ್ವರ್ ಸಿಕ್ಕಿ ಹೊತ್ತು ಸರಿಹೋಗುವವರೆಗೆ ಬರೆದ ಸಾಲುಗಳಿಗೆಲ್ಲ ಸುಳ್ಳು ದಿನಾಂಕ. ಇದಕ್ಕೇ ಮಗ್ಗುಲಿನ ಆ ಸಣ್ಣ ಯಂತ್ರ ಮತ್ತೆ ಬೇಕು. ಯುಪಿಎಸ್‌ಗೆ ಸೇರಿಸಿ, ಅದರ ಗಡಿಯಾರವನ್ನು ಸರಿಯಾಗಿಟ್ಟು, ಸಾಲು ಬಂದ ಗಳಿಗೆಯನ್ನು ಅದೂ ಬರೆಯುವಂತೆ ಮಾಡಿ. ರೂಟರ್ ಹೇಳಿದ ಹೊತ್ತು, ತಲುಪಿದ ಹೊತ್ತು ಎರಡೂ ಉಳಿಯಲಿ. ಅವೆರಡರ ನಡುವಿನ ಅಂತರ ದಿನದಿನಕ್ಕೆ ಬೆಳೆಯುತ್ತಿದ್ದರೆ ರೂಟರಿನ ಎನ್‌ಟಿಪಿ ಕೆಟ್ಟಿದೆಯೆಂದು ಗೊತ್ತಾಗುತ್ತದೆ.

ಹೊತ್ತು ಎಲ್ಲಿಂದ ತರಬೇಕೆಂಬುದಕ್ಕೆ ಉತ್ತರವಿದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ ಸರ್ವರುಗಳಿಗೆ, ಇಲ್ಲವೇ ಅವುಗಳಿಂದ ಹೊತ್ತು ಪಡೆಯುವ ಸರ್ವರುಗಳಿಗೆ ಗಡಿಯಾರ ಹೊಂದಿಸಬೇಕೆಂದಿದೆ. ಲಾಗುಗಳನ್ನು 180 ದಿನ ಇಡಬೇಕೆಂಬ ಮಾತೂ ಅದರಲ್ಲೇ ಇದೆ. ಎಲ್ಲರೂ ಆ 180ನ್ನು ನೆನಪಿಟ್ಟುಕೊಂಡು ಡಿಸ್ಕ್ ಕೊಂಡರು. ಗಡಿಯಾರದ ಸಾಲನ್ನು ಓದಿದವರು ಕಡಿಮೆ.

ಈ ಕೆಲಸದ ಅರ್ಧ ಭಾಗ ನಮ್ಮ ಕೈಯಲ್ಲಿಲ್ಲ, ವೆಬ್ ಸರ್ವರ್ ನಡೆಸುವವರ ಕೈಯಲ್ಲಿದೆ. 2011ರ ಆರ್‌ಎಫ್‌ಸಿ 6302 ಕೆಲವೇ ಪುಟಗಳ ಚಿಕ್ಕ ಬರಹ. ಬಂದವರ ವಿಳಾಸದ ಜತೆ ಅವರ ಪೋರ್ಟ್, ಸೆಕೆಂಡಿನವರೆಗೆ ನಂಬಬಹುದಾದ ಹೊತ್ತು, ಪ್ರೋಟೊಕಾಲ್, ಇಷ್ಟನ್ನೂ ಬರೆದಿಡಿ ಎಂದು ಅದು ಕೇಳಿಕೊಂಡಿತು. ಇವತ್ತಿಗೂ ಅಪಾಚೆ, ಎಂಜಿನೆಕ್ಸ್ ಎರಡರಲ್ಲೂ ಮಾಮೂಲು ಲಾಗ್ ಸಾಲಿನಲ್ಲಿ ಬಂದವರ ಪೋರ್ಟ್ ಇರುವುದಿಲ್ಲ, ನಾವೇ ಸೇರಿಸಬೇಕು. ಸೇರಿಸಲು ಸಂರಚನೆಯಲ್ಲಿ ಒಂದು ಪದ ಸಾಕು. ಈ ಅಂಕಣ ಓದುವವರಲ್ಲಿ ಸಹಕಾರ ಸಂಘದ, ಶಾಲೆಯ, ಪತ್ರಿಕೆಯ ಜಾಲತಾಣ ನೋಡಿಕೊಳ್ಳುವವರಿದ್ದಾರೆ. ದಯವಿಟ್ಟು ಸೇರಿಸಿ. ಮುಂದೆ ಪ್ರಾಕ್ಸಿ ಅಥವಾ ಲೋಡ್ ಬ್ಯಾಲೆನ್ಸರ್ ಇದ್ದರೆ, ಪೋರ್ಟನ್ನು ಅಲ್ಲೇ ಹಿಡಿಯಬೇಕು. ಹಿಂದಿನ ಸರ್ವರಿಗೆ ಕಾಣುವುದು ಪ್ರಾಕ್ಸಿಯ ಪೋರ್ಟು.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ನ್ಯಾಟ್‌ನ ಹಿಂದೆ ಕೂತು, ಪೋರ್ಟ್ ಬರೆದಿಡುವ ನಿಮ್ಮದೇ ಒಂದು ವೆಬ್ ಸರ್ವರಿಗೆ ಹೋಗಿ ಬನ್ನಿ. ವಾರ ಕಳೆಯಲಿ. ಆಮೇಲೆ ಆ ಸರ್ವರಿನ ಲಾಗಿನಿಂದ ವಿಳಾಸ, ಪೋರ್ಟ್, ಹೊತ್ತು ಮೂರನ್ನೂ ಒಂದು ಚೀಟಿಯಲ್ಲಿ ಬರೆದು, ಯಾವ ಯಂತ್ರವೆಂದು ಹೇಳದೆ ನಿಮ್ಮ ಸಹೋದ್ಯೋಗಿಗೆ ಕೊಡಿ. ಅವರು ಲಾಗ್ ಸರ್ವರ್ ತೆರೆದು ನಿಮ್ಮ ಒಳವಿಳಾಸವೊಂದನ್ನೇ, ಜತೆಗೆ ಬೇರೆ ಹೆಸರಿಲ್ಲದೆ, ಹೇಳಬೇಕು. ಎರಡು ಹೆಸರು ಬಂದರೆ ಮೊದಲು ಗಡಿಯಾರಗಳನ್ನು ನೋಡಿ. ಹೆಸರೇ ಬರದಿದ್ದರೆ ಸಾಲುಗಳು ದಾರಿಯಲ್ಲಿ ಬೀಳುತ್ತಿವೆ, ಯುಡಿಪಿಯ ಕಡೆ ನೋಡಿ. ಕರೆಂಟು ಹೋಗಿ ಬಂದ ಮರುದಿನ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.