ನಿಂತ ಕಲ್ಲು, ಮಲಗಿದ ಕಲ್ಲು

ಕಳೆದ ಅಕ್ಟೋಬರಿನಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನ 'ಗಾರ್ಡನ್ ಆಫ್ ದಿ ಗಾಡ್ಸ್' ಎಂಬ ಕೆಂಪು ಬಂಡೆಗಳ ಉದ್ಯಾನ ನೋಡಲು ಹೋದಾಗ ನನ್ನ ಚೀಲದಲ್ಲಿ ನನ್ನದೇ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದ ಪ್ರತಿ ಇತ್ತು. ಕನ್ನಡ ಪ್ರವಾಸ ಕಥನಗಳಲ್ಲಿ ನಿಸರ್ಗ ಹೇಗೆ ಬರುತ್ತದೆ ಎಂಬುದು ಅದರ ವಿಷಯ. ವಾದ ಸ್ವಲ್ಪ ಖಾರವಾಗಿಯೇ ಇತ್ತು. ನಮ್ಮ ಪ್ರವಾಸಿ ಲೇಖಕರು ಹೊರನಾಡಿನ ಬೆಟ್ಟವನ್ನು ನೋಡುವುದೇ ಇಲ್ಲ. ಕಂಡ ಕೂಡಲೇ ಊರಿನ ಬೆಟ್ಟಕ್ಕೆ ಹೋಲಿಸಿ ಕೈ ತೊಳೆದುಕೊಳ್ಳುತ್ತಾರೆ. ಹೋಲಿಕೆಯೆಂದರೆ ನೋಟದ ಸೋಮಾರಿತನ ಎಂದು ಹನ್ನೊಂದು ಪುಟ ಬರೆದಿದ್ದೆ. ಈಗಿನ ಟ್ರಾವೆಲ್ ವ್ಲಾಗ್‌ಗಳಲ್ಲಿ 'ಥೇಟ್ ನಮ್ಮ ಹಂಪಿ ಥರಾನೇ ಇದೆ ನೋಡಿ' ಎನ್ನುವ ದನಿ ಕೇಳಿದಾಗೆಲ್ಲ ನನ್ನ ವಾದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತೆಂದು ಖುಷಿಪಡುತ್ತಿದ್ದೆ.

ಡೆನ್ವರಿನಲ್ಲಿ ಅಣ್ಣ ಇದ್ದಾನೆ. ಅವ್ವ ಆಗಲೇ ಎರಡು ತಿಂಗಳಿಂದ ಅಲ್ಲಿದ್ದಳು. ನಾನು ಒಂದು ವಿಚಾರ ಸಂಕಿರಣದ ನೆಪದಲ್ಲಿ ಹೋದವಳು ವಾರ ಉಳಿದೆ. ಭಾನುವಾರ ಬೆಳಿಗ್ಗೆ ವೈನಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿದರು. ದಕ್ಷಿಣಕ್ಕೆ ಒಂದು ತಾಸಿಗಿಂತ ಸ್ವಲ್ಪ ಹೆಚ್ಚಿನ ದಾರಿ. ರಾಕಿ ಪರ್ವತದ ಬುಡದಲ್ಲಿ, ಹಿಂದೆ ಪೈಕ್ಸ್ ಪೀಕ್ ಶಿಖರ, ಮುಂದೆ ನೆಲ ಸೀಳಿಕೊಂಡು ಎದ್ದಂತೆ ಕೆಂಪು ಕಲ್ಲಿನ ಹಲಗೆಗಳು. ಒಳಗೆ ಹೋಗಲು ಟಿಕೆಟ್ ಇಲ್ಲ. ಇದನ್ನು ಕೇಳಿ ಅವ್ವನಿಗೆ ಆದ ಸಂತೋಷ ಕಲ್ಲು ನೋಡಿದಾಗ ಆದದ್ದಕ್ಕಿಂತ ಹೆಚ್ಚು.

ಟಿಕೆಟ್ ಇಲ್ಲದಿರುವುದಕ್ಕೆ ಒಂದು ಕಥೆಯಿದೆ, ಹೆಸರಿಗೂ ಒಂದಿದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. 1859ರಲ್ಲಿ ಊರು ಕಟ್ಟಲು ಜಾಗ ಹುಡುಕುತ್ತ ಬಂದ ಇಬ್ಬರು ಸರ್ವೇಯರುಗಳು ಈ ಬಂಡೆಗಳ ನಡುವೆ ನಿಂತರಂತೆ. ಬೀಚ್ ಎಂಬಾತ, ಇಲ್ಲೊಂದು ಬಿಯರ್ ಗಾರ್ಡನ್ ಮಾಡಿದರೆ ಚೆನ್ನಾಗಿ ನಡೆಯುತ್ತದೆ ಎಂದ. ಜೊತೆಗಿದ್ದ ರೂಫಸ್ ಕೇಬಲ್‌ಗೆ ಅದು ಹಿಡಿಸಲಿಲ್ಲ. ಬಿಯರ್ ಗಾರ್ಡನ್ನೇ, ಇದು ದೇವತೆಗಳು ಸಭೆ ಸೇರಬೇಕಾದ ಜಾಗ ಎಂದ. ಆ ಹೆಸರೇ ನಿಂತಿತು. ಇಪ್ಪತ್ತು ವರ್ಷದ ಬಳಿಕ, 1879ರಲ್ಲಿ, ಚಾರ್ಲ್ಸ್ ಪರ್ಕಿನ್ಸ್ ಎಂಬ ರೈಲ್ವೆ ಕಂಪನಿಯ ದೊಡ್ಡ ಮನುಷ್ಯ ಇಲ್ಲಿ 240 ಎಕರೆ ಕೊಂಡ. ಮನೆ ಕಟ್ಟುವ ಯೋಚನೆಯಿತ್ತು, ಕಟ್ಟಲಿಲ್ಲ. 1907ರಲ್ಲಿ ಆತ ಸತ್ತ ಮೇಲೆ ಮಕ್ಕಳು 1909ರಲ್ಲಿ ಅಷ್ಟೂ ಜಮೀನನ್ನು (ಅಷ್ಟರಲ್ಲಿ ಅದು 480 ಎಕರೆಯಾಗಿತ್ತು) ಊರಿಗೆ ಬರೆದುಕೊಟ್ಟರು. ಕರಾರುಗಳು ಹೀಗಿದ್ದವು: ಜನರಿಗೆ ಸದಾ ಪುಕ್ಕಟೆ ತೆರೆದಿರಬೇಕು, ಬೇಡದ ಕಟ್ಟಡ ಕಟ್ಟಬಾರದು, ಅಮಲು ಪದಾರ್ಥ ತಯಾರಿಸುವುದಾಗಲಿ ಮಾರುವುದಾಗಲಿ ಕೂಡದು. ಬಿಯರ್ ಗಾರ್ಡನ್ ಕನಸಿಗೆ ಐವತ್ತು ವರ್ಷದ ಮೇಲೆ ಕಾಗದದಲ್ಲೇ ಬೀಗ ಬಿತ್ತು.

ಹೆಸರಿನ ಓಟ ಅಲ್ಲಿಗೂ ನಿಲ್ಲಲಿಲ್ಲ. ಇಲ್ಲಿ ಸಿಕ್ಕ ಒಂದು ಡೈನೋಸಾರ್ ತಲೆಬುರುಡೆಯನ್ನು ಬಹಳ ಕಾಲ ಬೇರೊಂದು ಜಾತಿಗೆ ಸೇರಿಸಿ ಇಟ್ಟಿದ್ದರು. 2006ರಲ್ಲಿ ಅದು ಬೇರೆಯೇ ಪ್ರಾಣಿ ಎಂದು ತಿಳಿದು 'ಥಿಯೋಫೈಟಾಲಿಯಾ' ಎಂದು ಕರೆದರು. ಗ್ರೀಕಿನಲ್ಲಿ ಅದರರ್ಥ ದೇವರ ತೋಟ. ಹತ್ತು ಕೋಟಿ ವರ್ಷಕ್ಕೂ ಹಿಂದೆ ಸೊಪ್ಪು ಮೇಯುತ್ತಿದ್ದ ಪ್ರಾಣಿಯ ಮೇಲೆ, ಇಬ್ಬರು ಗಂಡಸರ ಬಿಯರ್ ಮಾತಿನ ಗುರುತು.

ಉದ್ಯಾನದ ನಡುವೆ ಮಂಡಿನೋವಿನವರೂ ಆರಾಮಾಗಿ ನಡೆಯಬಹುದಾದ ಡಾಂಬರು ಹಾದಿಯಿದೆ. ನಡೆಯುತ್ತ ಹೋದಂತೆ ಹೆಸರುಗಳ ಸಂತೆ: ಮುತ್ತಿಡುವ ಒಂಟೆಗಳು, ಮೂವರು ಗ್ರೇಸ್ ದೇವಿಯರು, ಕೆಥೀಡ್ರಲ್ ಗೋಪುರಗಳು, ಮಲಗಿದ ದೈತ್ಯ, ಸ್ಟೀಮ್‌ಬೋಟ್ ಬಂಡೆ, ತೂಗಿ ನಿಂತ ಬಂಡೆ. ಗಮನಿಸಿ: ಇವುಗಳಲ್ಲಿ ಒಂದೂ ಈ ನೆಲದ್ದಲ್ಲ. ಒಂಟೆ ಅರಬರದ್ದು, ದೇವಿಯರು ಗ್ರೀಕರವರು, ಗೋಪುರ ಯುರೋಪಿನದು. ನಮ್ಮ ಪ್ರವಾಸಿ ಲೇಖಕರು ಊರಿನದನ್ನು ಹೊತ್ತು ತರುತ್ತಾರೆಂದು ನಾನು ಬೈದಿದ್ದೆನಲ್ಲ, ಇಲ್ಲಿ ಬಂದು ನೆಲೆಸಿದವರೂ ಅದನ್ನೇ ಮಾಡಿದ್ದರು. ಒಂದೇ ವ್ಯತ್ಯಾಸ, ಅವರ ಹೋಲಿಕೆ ನಕಾಶೆಯಲ್ಲಿ ಅಚ್ಚಾಯಿತು. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಯಾರೋ ಒಬ್ಬರ ಉತ್ಪ್ರೇಕ್ಷೆ ಮೊದಲು ರೂಪಕವಾಗಿ, ಆಮೇಲೆ ಬರಿಯ ರೂಢನಾಮವಾಗಿ ಗಟ್ಟಿಯಾಗಿದೆ. 'ಒಂಟೆಯಂತೆ' ಎಂಬುದರ 'ಅಂತೆ' ಬಿದ್ದುಹೋಗಿದೆ. ಅಂತೆ ಬಿದ್ದಾಗ ಆಗುವ ನಷ್ಟ ಸಣ್ಣದಲ್ಲ. ಜನ ಆ ಒಂದು ಕೋನದಲ್ಲಿ ನಿಂತು, ಒಂಟೆ ಕಂಡಿತೆಂದು ಫೋಟೋ ತೆಗೆದು, ಮುಂದೆ ಹೋಗುತ್ತಾರೆ. ಆ ಎರಡು ಕಲ್ಲಿನ ಮುಸುಡಿಗಳ ಕೆಳಗೆ ಇರುವ ಅಷ್ಟೆತ್ತರದ ಬಂಡೆಯನ್ನು ನೋಡಿದವರು ಕಡಿಮೆ.

ಕೋನವೇ ಒಂದು ಕಾಲಕ್ಕೆ ವ್ಯಾಪಾರವೂ ಆಗಿತ್ತು. ತೂಗಿ ನಿಂತ ಬಂಡೆ ಇರುವ ಜಾಗ ಗೋರ್ಕಿ ಎಂಬ ತಂದೆ ಮಗನ ಖಾಸಗಿ ಸ್ವತ್ತು. ಪ್ರವಾಸಿಗರನ್ನು ಬಂಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು ಮಾರುತ್ತಿದ್ದರು. ಜನರ ಕೈಗೇ ಕ್ಯಾಮೆರಾ ಬಂದಾಗ ಸುತ್ತ ಬೇಲಿ ಹಾಕಿ ಕಾಸು ಕೇಳಿದರು. 1932ರಲ್ಲಿ ಊರಿನವರು ಅದನ್ನು ಕೊಂಡ ಮೇಲೆ ಬೇಲಿ ಹೋಯಿತು. ಈಗ ಜನ ಅದೇ ಜಾಗದಲ್ಲಿ ನಿಂತು, ಬಂಡೆ ಬೀಳದಂತೆ ಕೈಯಿಂದ ಹಿಡಿದ ಭಂಗಿಯಲ್ಲಿ ಪುಕ್ಕಟೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅಣ್ಣನೂ ತೆಗೆಸಿಕೊಂಡ.

ಅವ್ವ ಅಷ್ಟರವರೆಗೆ ಹೆಚ್ಚು ಮಾತಾಡಿರಲಿಲ್ಲ. ಅವಳ ತವರು ಬದಾಮಿಯ ಹತ್ತಿರದ ಹಳ್ಳಿ. ಬನಶಂಕರಿ ಜಾತ್ರೆಗೆ ಚಕ್ಕಡಿಯಲ್ಲಿ ಹೋಗಿ ಬೆಳೆದವಳು. ಕೆಂಪು ಕಲ್ಲು ಅವಳಿಗೆ ಹೊಸದಲ್ಲ. ಒಂಟೆಗಳನ್ನು ತೋರಿಸಿ ಅಣ್ಣ ವಿವರಿಸಿದಾಗ ಸ್ವಲ್ಪ ಹೊತ್ತು ನೋಡಿ, "ಮುತ್ತೆಲ್ಲಿ ಕೊಡಾಕತ್ತಾವೋ, ಜಗಳಾ ಆಡಾಕತ್ತಾವು," ಎಂದಳು. ನಾವು ನಕ್ಕೆವು. ಆಮೇಲೆ ಅವಳು ಅಂದದ್ದು ನನ್ನ ಹನ್ನೊಂದು ಪುಟಕ್ಕೆ ಪೆಟ್ಟು ಕೊಟ್ಟಿತು.

"ನಮ್ಮ ಬದಾಮ್ಯಾಗಿನ ಕಲ್ಲ ಇದು. ಆದ್ರ ಅಲ್ಲಿ ಮಲಗ್ಯಾವು, ಇಲ್ಲಿ ಎದ್ದು ನಿಂತಾವು. ಯಾಕವಾ?"

ನಾನು ಆ ಬಂಡೆಗಳನ್ನು ಒಂದು ತಾಸಿನಿಂದ ನೋಡುತ್ತಿದ್ದೆ. ಇದು ನನಗೆ ಕಂಡಿರಲಿಲ್ಲ. ಬದಾಮಿಯ ಮರಳುಗಲ್ಲಿನ ಪದರಗಳು ಒಂದರ ಮೇಲೊಂದು ಹಾಸಿದ ಜಮಖಾನೆಗಳ ಹಾಗೆ ಬಹುಮಟ್ಟಿಗೆ ಅಡ್ಡಲಾಗಿಯೇ ಇವೆ. ಇಲ್ಲಿ ಅದೇ ಜಮಖಾನೆಗಳನ್ನು ಯಾರೋ ಎತ್ತಿ ಗೋಡೆಗೆ ಒರಗಿಸಿಟ್ಟಿದ್ದಾರೆ. ಸಂದರ್ಶಕರ ಕೇಂದ್ರಕ್ಕೆ ಹೋಗಿ ನೋಡಿದರೆ ಅವ್ವನ 'ಯಾಕವಾ'ಕ್ಕೆ ಉತ್ತರವಿತ್ತು. ಸುಮಾರು 30 ಕೋಟಿ ವರ್ಷದ ಹಿಂದೆ ಇಲ್ಲಿ ಇನ್ನೊಂದು ಪರ್ವತಶ್ರೇಣಿಯಿತ್ತು, ಈಗಿನ ರಾಕಿಗಳ ಪೂರ್ವಜ. ಅದು ಸವೆದು ಹರಿದು ಬಂದ ಜಲ್ಲಿ ಮಣ್ಣು ಒಂದು ಪದರ. ಅದರ ಮೇಲೆ ಮರಳುದಿಬ್ಬಗಳು ಕೂತು ಗಟ್ಟಿಯಾದದ್ದು ಇನ್ನೊಂದು. ಒಂಟೆಗಳಿರುವ ಬಂಡೆ ಈ ಎರಡನೆಯದರದ್ದು. ಎಲ್ಲವೂ ಮಲಗಿಯೇ ಇದ್ದವು. ಸುಮಾರು ಆರೇಳು ಕೋಟಿ ವರ್ಷದ ಹಿಂದೆ ಈಗಿನ ರಾಕಿಗಳು ಮೇಲೇಳುವಾಗ ಅಂಚಿನ ಪದರಗಳು ಮಡಚಿ ನೆಟ್ಟಗೆ ನಿಂತವು. ಬಣ್ಣ ಮಾತ್ರ ಎರಡೂ ಕಡೆ ಒಂದೇ ಕಾರಣದ್ದು, ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದದ್ದು. ಬದಾಮಿಯ ಕಲ್ಲು ಇದಕ್ಕಿಂತ ಬಹಳ ಹಳೆಯದು, ಆದರೆ ಅದನ್ನು ಯಾರೂ ಎಬ್ಬಿಸಲಿಲ್ಲ.

ಮಲಗಿದ್ದರಿಂದ ಏನಾಯಿತೆಂದು ಯೋಚಿಸಿ. ಅಡ್ಡ ಪದರವಿದ್ದದ್ದಕ್ಕೆ ತಲೆಯ ಮೇಲೆ ಸೂರು ಉಳಿಸಿಕೊಂಡು ಒಳಕ್ಕೆ ಕೊರೆಯುವುದು ಸಲೀಸಾಯಿತು. ಚಾಲುಕ್ಯರ ಗುಹೆಗಳು ಅಲ್ಲಿ ಬಂದವು, ಮಂಗಲೇಶನ 578ರ ಶಾಸನ ಮೂರನೆಯ ಗುಹೆಯಲ್ಲಿ ಬಂತು. ಅಗಸ್ತ್ಯ ತೀರ್ಥದ ಆಚೆ ಬಂಡೆಯ ಮುಖದ ಮೇಲೆ, ಸುಮಾರು 700ರ ಹೊತ್ತಿಗೆ, ಕಪ್ಪೆ ಅರಭಟ್ಟನ ಶಾಸನ ಬಂತು. ಕನ್ನಡದ ತ್ರಿಪದಿ ನಮಗೆ ಮೊದಲು ಸಿಗುವುದು ಕೆಂಪು ಕಲ್ಲಿನ ಮೇಲೆ. ನಮ್ಮ ಛಂದಸ್ಸಿನ ತರಗತಿಗಳಲ್ಲಿ ಮಾತ್ರೆ, ಗಣಗಳನ್ನು ಲೆಕ್ಕ ಹಾಕುತ್ತೇವೆ, ಕಲ್ಲಿನ ಸುದ್ದಿ ಎತ್ತುವುದಿಲ್ಲ. ಎಂ.ಎ. ಓದುವಾಗ ನಾನೂ ಆ ಪದ್ಯವನ್ನು ಪುಸ್ತಕದಿಂದಲೇ ಕಲಿತೆ, ಅಜ್ಜಿಯ ಊರಿನಿಂದ ಅರ್ಧ ತಾಸಿನ ದಾರಿಯಲ್ಲಿದ್ದರೂ.

ಅವ್ವನ ಮಾತಿಗೆ ಶಾಸ್ತ್ರದಲ್ಲಿ ಹೆಸರಿದೆ. ದಂಡಿ, ಅವನ ಹಿಂದೆ ಕವಿರಾಜಮಾರ್ಗ, ಹೇಳುವ ವ್ಯತಿರೇಕ. ಎರಡು ವಸ್ತುಗಳಲ್ಲಿ ಸಾಮ್ಯವನ್ನು ಇಟ್ಟುಕೊಂಡೇ ಅವುಗಳ ಭೇದವನ್ನು ಹೇಳುವುದು. ಉಪಮೆ 'ಇದು ಅದರಂತೆ' ಎಂದು ನಿಲ್ಲುತ್ತದೆ. ವ್ಯತಿರೇಕಕ್ಕೆ 'ಆದರೆ' ಬೇಕು. ನನ್ನ ಅಧ್ಯಾಯದ ತಪ್ಪು ಇಲ್ಲಿತ್ತು. ಪ್ರವಾಸ ಕಥನದಲ್ಲಿ ಹೋಲಿಕೆ ಇದೆಯೇ ಎಂದು ಎಣಿಸಿದ್ದೆ. ಹೋಲಿಕೆಯ ನಂತರದ ವಾಕ್ಯ ಏನು ಮಾಡುತ್ತದೆ ಎಂದು ನೋಡಿರಲಿಲ್ಲ. ಬದಾಮಿಯನ್ನು ತಲೆಯಲ್ಲಿ ಹೊತ್ತು ಬಾರದವರಿಗೆ ಇಲ್ಲಿನ ಕಲ್ಲು ನಿಂತಿರುವುದೇ ಕಾಣಿಸದು. ನಿಂತ ಕಲ್ಲು ಅವರಿಗೆ ಕಲ್ಲೇ. 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಕೃತಿಯ ಶೀರ್ಷಿಕೆಯನ್ನು ನಾನು ಲಘುವಾಗಿ ಹಾಸ್ಯ ಮಾಡಿದ್ದೆ. ಅಮೆರಿಕಕ್ಕೆ ಹೋದದ್ದು ಲೇಖಕರೋ, ಹೇಮಾವತಿ ದಡದ ಊರೋ ಎಂದು. ಈಗ ಅನಿಸುತ್ತದೆ, ಆ ಎರಡರ್ಥ ಅವರಿಗೆ ಗೊತ್ತೇ ಇರಬೇಕು. ಹಾಗೆಂದು ಎಲ್ಲ ಹೋಲಿಕೆಗೂ ಕ್ಷಮೆ ಸಿಕ್ಕಿತೆಂದಲ್ಲ. 'ಥೇಟ್ ಹಂಪಿ' ಈಗಲೂ ಸೋಮಾರಿ ಮಾತೇ.

ವ್ಯತಿರೇಕಕ್ಕೂ ಒಂದು ಮಿತಿಯಿದೆ. ಅದನ್ನೂ ಅವ್ವನೇ ತೋರಿಸಿದಳು. ಬೆಂಚಿನ ಮೇಲೆ ಕೂತು ರೊಟ್ಟಿ ಬಿಚ್ಚುವಾಗ ಕೇಳಿದಳು: "ಇಲ್ಲಿ ಮದ್ಲ ಯಾರಿದ್ರು?" ಹೆಸರುಗಳ ಫಲಕಗಳಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಮೊದಲು ಇದ್ದವರು ಯೂಟ್ ಜನ. ಈ ಬಂಡೆಗಳು ಅವರಿಗೆ ಪವಿತ್ರ. ನಾನು ಉತ್ತರ ಹೇಳಲು ನೆನಪಿಸಿಕೊಂಡದ್ದು ಹೆಲೆನ್ ಹಂಟ್ ಜ್ಯಾಕ್ಸನ್ ಎಂಬ ಲೇಖಕಿಯನ್ನು.

ಆಕೆ 1873ರಲ್ಲಿ ಆರೋಗ್ಯ ಸುಧಾರಿಸಲೆಂದು ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದು, ಮದುವೆಯಾಗಿ ಅಲ್ಲೇ ನಿಂತವಳು. 1878ರ 'ಬಿಟ್ಸ್ ಆಫ್ ಟ್ರಾವೆಲ್ ಅಟ್ ಹೋಮ್' ಪುಸ್ತಕದಲ್ಲಿ ಈ ಸುತ್ತಿನ ಕಣಿವೆ ಬಂಡೆಗಳನ್ನು ಚೆನ್ನಾಗಿಯೇ ವರ್ಣಿಸಿದ್ದಾಳೆ. ಕಣ್ಣು ಚುರುಕು, ಉಪಮೆ ಧಾರಾಳ. ಮರುವರ್ಷ ಬೋಸ್ಟನ್ನಿನಲ್ಲಿ, ನೆಲದಿಂದ ಒಕ್ಕಲೆಬ್ಬಿಸಲಾದ ಪೊಂಕಾ ಜನರ ನಾಯಕ ಸ್ಟ್ಯಾಂಡಿಂಗ್ ಬೇರ್ ಮಾತಾಡಿದ್ದನ್ನು ಕೇಳಿದಳು. ಅಲ್ಲಿಂದ ಅವಳ ಬರವಣಿಗೆಯ ದಿಕ್ಕೇ ಬದಲಾಯಿತು. 1864ರಲ್ಲಿ ಇದೇ ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ನಡೆದ ಕಗ್ಗೊಲೆಯ ಬಗ್ಗೆ, ಡೆನ್ವರಿನ ಪತ್ರಿಕೆಯ ಸಂಪಾದಕನಾಗಿದ್ದ ಬೈಯರ್ಸ್ ಜೊತೆ 'ನ್ಯೂಯಾರ್ಕ್ ಟ್ರಿಬ್ಯೂನ್'ನಲ್ಲಿ ಜಗಳವಾಡಿದಳು. 1881ರಲ್ಲಿ 'ಎ ಸೆಂಚುರಿ ಆಫ್ ಡಿಸಾನರ್' ಬಂತು. ಅಮೆರಿಕ ಸರ್ಕಾರ ಮುರಿದ ಮಾತುಗಳ ದಾಖಲೆ ಅದು. ಅದೇ ಹೊತ್ತಿಗೆ ಹೆಚ್ಚಿನ ಯೂಟ್ ಜನರನ್ನು ಕೊಲರಾಡೊದಿಂದ ಯೂಟಾಗೆ ಅಟ್ಟಲಾಯಿತು.

ಈ ಎರಡು ಪುಸ್ತಕಗಳ ನಡುವಿನ ಮೂರು ವರ್ಷ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮೊದಲನೆಯದರಲ್ಲಿ ಕಲ್ಲು ಏನನ್ನು ಹೋಲುತ್ತದೆ ಎಂಬ ಪ್ರಶ್ನೆಯಿದೆ. ಎರಡನೆಯದರಲ್ಲಿ ನೆಲ ಯಾರದು ಎಂಬುದಿದೆ. ವಿಮರ್ಶಕರು ಮೊದಲನೆಯದನ್ನು ಪ್ರವಾಸ ಸಾಹಿತ್ಯ ಎಂದೂ ಎರಡನೆಯದನ್ನು ವಾದಗ್ರಂಥ ಎಂದೂ ಬೇರೆ ಕಪಾಟಿನಲ್ಲಿ ಇಡುತ್ತಾರೆ. ನನ್ನ ಪ್ರಬಂಧವೂ ಹಾಗೆಯೇ ಇಟ್ಟಿದೆ: ನಿಸರ್ಗ ಮೂರನೆಯ ಅಧ್ಯಾಯ, ಜನ ನಾಲ್ಕನೆಯದು. ಕನ್ನಡ ಪ್ರವಾಸ ಕಥನಗಳನ್ನು ಹೀಗೆ ಒಡೆದು ಓದಿದ್ದರಿಂದ, ಬೆಟ್ಟ ವರ್ಣಿಸುವ ಪುಟದಲ್ಲೇ ಯಾರ ಬೆಟ್ಟವೆಂದು ಕೇಳಿದ ಲೇಖಕರು ಇದ್ದರೂ ನನ್ನ ಕಣ್ಣಿಗೆ ಬಿದ್ದಿರಲಾರರು. ಈಗ ಎಲ್ಲ ಪುಸ್ತಕಗಳನ್ನೂ ಮತ್ತೆ ತೆಗೆಯಬೇಕು. ಮಾರ್ಗದರ್ಶಕರಿಗೆ ಇದನ್ನು ಇನ್ನೂ ಹೇಳಿಲ್ಲ.

ಹೊರಡುವಾಗ ಹಾದಿಯ ಪಕ್ಕ ಒಂದು ಬಂಡೆಯ ಮೇಲೆ ಯಾರೋ ಗೀಚಿದ ಹೆಸರುಗಳು ಕಂಡವು. ಹೀಗೆ ಗೀಚುವುದು ಇಲ್ಲಿ ಅಪರಾಧ. ಬದಾಮಿಯಲ್ಲೂ ಅಪರಾಧವೇ, ಆದರೂ ಅಲ್ಲಿ ಬಾಣದ ಗುರುತಿನ ಪ್ರೇಮಿಗಳಿಗೆ ಕೊರತೆಯಿಲ್ಲ. ಅವ್ವನಿಗೆ ಕಪ್ಪೆ ಅರಭಟ್ಟನ ಸುದ್ದಿ ಹೇಳಿದೆ, ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕೆಟ್ಟವನು ಎಂದು ಒಬ್ಬ ಮನುಷ್ಯನನ್ನು ಹೊಗಳಿ ಕೆರೆಯ ಪಕ್ಕದ ಬಂಡೆಯ ಮೇಲೆ ಬರೆಸಿದ್ದಾರೆ ಎಂದು.

"ನಾ ಆ ಹೊಂಡದ ದಂಡಿ ಮ್ಯಾಲ ಎಷ್ಟ ಸಲ ಕುಂತೀನಿ," ಎಂದಳು. "ಯಾರೂ ಹೇಳಲಿಲ್ಲ ನೋಡು. ಊರಿಗೆ ಹೋದ ಮ್ಯಾಲ ತೋರಸು."

ಜನವರಿಯಲ್ಲಿ, ಬನದ ಹುಣ್ಣಿಮೆಗೆ, ಹೋಗುವುದೆಂದು ಆಗಿದೆ.