ಹಗ್ಗದ ಗುರುತು, ಸಗಣಿಯ ಬೂದಿ

ಜಪಾನಿನ ಒಂದು ಹಳೆಯ ಗಡಿಗೆಯ ಚಿತ್ರ ನನ್ನ ಹತ್ತಿರ ಇದೆ. ಗಡಿಗೆ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವ ದುಂಡು ಹೊಟ್ಟೆಯ ಗಡಿಗೆಯಲ್ಲ. ತಳ ಕಿರಿದು, ಮೇಲೆ ಹೋದಂತೆ ಅಗಲ. ಬಾಯಿಯ ಸುತ್ತ ನಾಲ್ಕು ದೊಡ್ಡ ಕೊಂಬುಗಳು ಉರಿಯ ನಾಲಿಗೆಯ ಹಾಗೆ ಎದ್ದು ನಿಂತಿವೆ. ಮೈಮೇಲೆಲ್ಲ ಮಣ್ಣಿನ ಎಳೆಗಳು ಸುಳಿಸುಳಿಯಾಗಿ ಸುತ್ತಿಕೊಂಡಿವೆ. ಕೋಡುಬಳೆ ಹೊಸೆದು ಅಂಟಿಸಿದರೆ ಹೇಗಿದ್ದೀತೋ ಹಾಗೆ. ಸುಮಾರು 5,000 ವರ್ಷ ಹಿಂದಿನದು. ಶಹಾಪುರದ ನನ್ನ ಚಿಗವ್ವನಿಗೆ ತೋರಿಸಿದೆ. ಆಕೆ ಕನ್ನಡಕ ಏರಿಸಿಕೊಂಡು ನೋಡಿ, “ಚೊಲೊ ಅದ ಖರೆ. ಆದ್ರ ಇದ್ರಾಗ ಅಂಬಲಿ ಕಾಸಿದ್ರ ಸೌಟು ಹ್ಯಾಂಗ ಆಡಸ್ಬೇಕವ್ವ? ಬಾಯಿ ತುಂಬ ಕೊಂಬೇ ಅವಲ್ಲ!” ಅಂದಳು.

ಈ ಗಡಿಗೆಗಳ ಬಗ್ಗೆ ನಾನು ಓದಿದ ಕಲಾವಿಮರ್ಶೆಯಲ್ಲಿ ಚಿಗವ್ವನ ಪ್ರಶ್ನೆಯನ್ನು ಯಾರೂ ಕೇಳಿದ್ದು ಕಾಣಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು ಎಂದು ನನಗೆ ಅನಿಸಿದೆ.

ಇವನ್ನು ಮಾಡಿದವರ ಸಂಸ್ಕೃತಿಗೆ ಜೋಮೋನ್ ಎಂದು ಹೆಸರು. ಜಪಾನೀ ಭಾಷೆಯಲ್ಲಿ ಅದರ ಅರ್ಥ ಹಗ್ಗದ ಗುರುತು. ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ 1877ರಲ್ಲಿ ಟೋಕಿಯೋ ಬಳಿಯ ಓಮೋರಿಯಲ್ಲಿ ಚಿಪ್ಪಿನ ದಿಬ್ಬವೊಂದನ್ನು ಅಗೆಸಿದಾಗ ಸಿಕ್ಕ ಬೋಕಿಗಳ ಮೇಲೆ ಹುರಿಯನ್ನು ಒತ್ತಿ ಉರುಳಿಸಿದ ಗುರುತುಗಳಿದ್ದವು. ಹಸಿ ಮಣ್ಣಿನ ಮೇಲೆ ಹೊಸೆದ ಹುರಿಯನ್ನು ಉರುಳಿಸುವುದು, ಅಷ್ಟೆ. ಕರ್ಚಿಕಾಯಿಯ ಅಂಚನ್ನು ನಾವು ಮುರಿಗೆ ಹಾಕಿ ಮುಚ್ಚುವಾಗ ಬೆರಳಿಗೆ ಬರುವ ಸುಖ ಅವರಿಗೂ ಬಂದಿರಬೇಕು. ಬೇಟೆ, ಮೀನು, ಕಾಡಿನ ಕಾಯಿಗಳ ಮೇಲೆ ಬದುಕಿದ ಆ ಜನ ಹತ್ತು ಸಾವಿರ ವರ್ಷಕ್ಕೂ ಮಿಕ್ಕಿ ಹೀಗೆ ಗಡಿಗೆ ಮಾಡಿದರು. ಕುಂಬಾರರ ತಿಗರಿ ಇರಲಿಲ್ಲ, ಎಲ್ಲ ಕೈಯಿಂದಲೇ. ಆ ಕೈಗಳು ಹೆಂಗಸರವೇ ಇದ್ದಿರಬೇಕೆಂದು ಹಲವು ವಿದ್ವಾಂಸರ ಊಹೆ.

ಮೋರ್ಸನ ನಂತರ ಮುಕ್ಕಾಲು ಶತಮಾನ ಇವು ಪುರಾತತ್ತ್ವದವರ ಸರಕಾಗಿ ಉಳಿದವು. 1951ರಲ್ಲಿ ತಾರೋ ಓಕಾಮೋಟೋ ಎಂಬ ಚಿತ್ರಕಾರ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇವನ್ನು ಕಂಡು ಬೆಚ್ಚಿದ. ಪ್ಯಾರಿಸ್ಸಿನಲ್ಲಿ ಹತ್ತು ವರ್ಷ ಇದ್ದು, ಹೊಸ ಚಿತ್ರಕಲೆಯ ಜೊತೆಗೆ ಮಾನವಶಾಸ್ತ್ರವನ್ನೂ ಓದಿ ಬಂದವನು ಆತ. ಮರುವರ್ಷ ಒಂದು ಕಲಾಪತ್ರಿಕೆಯಲ್ಲಿ ಲೇಖನ ಬರೆದ. ಜಪಾನೀ ಕಲೆ ಎಂದರೆ ನಯ, ಮಿತ, ಚಹಾ ಬಟ್ಟಲಿನ ಮೌನ ಎಂದು ಎಲ್ಲರೂ ನಂಬಿದ್ದ ಕಾಲವದು. ಯುದ್ಧದಲ್ಲಿ ಸೋತು ದೇಶ ಕುಗ್ಗಿತ್ತು. ನಮ್ಮ ಬೇರು ಆ ನಯದಲ್ಲಿಲ್ಲ, ಈ ಒರಟಿನಲ್ಲಿದೆ, ಈ ಅಂಕುಡೊಂಕಿನಲ್ಲಿದೆ ಎಂದು ಆತ ಸಾರಿದ. ಕಲಾಚರಿತ್ರೆಯ ಪುಸ್ತಕಗಳ ಮೊದಲ ಪುಟಕ್ಕೆ ಜೋಮೋನ್ ಗಡಿಗೆ ಬಂದು ಕೂತಿದ್ದು ಆಮೇಲೆ. 1970ರ ಒಸಾಕಾ ವಿಶ್ವಮೇಳದಲ್ಲಿ ಓಕಾಮೋಟೋ ನಿಲ್ಲಿಸಿದ ಸೂರ್ಯಗೋಪುರ ಇಂದಿಗೂ ಇದೆ. ಎಪ್ಪತ್ತು ಮೀಟರ್ ಎತ್ತರ, ಎರಡು ಮೋಟು ತೋಳು, ಮೂರು ಮುಖ ಹೊರಗೆ. ಜೋಮೋನರ ಮಣ್ಣಿನ ಗೊಂಬೆಯೇ ದೈತ್ಯನಾಗಿ ಎದ್ದಂತಿದೆ.

ಓಕಾಮೋಟೋನ ಕಣ್ಣಿಗೆ ನಾನು ನಮಸ್ಕರಿಸುತ್ತೇನೆ. ಕಪಾಟಿನ ಗಾಜಿನ ಹಿಂದೆ ನಂಬರು ಹಚ್ಚಿಕೊಂಡು ಕೂತ ವಸ್ತುವಿಗೆ ಆತ ಜೀವ ಕೊಟ್ಟ. ಆದರೆ ಆತ ಉರಿ ಕಂಡ, ಒಲೆ ಕಾಣಲಿಲ್ಲ. ಈ ಗಡಿಗೆಗಳಲ್ಲಿ ಕುದಿಸಿ ಬೇಯಿಸುತ್ತಿದ್ದರು. ಉರಿಗೊಂಬಿನ ಗಡಿಗೆಗಳ ಮೇಲೂ ಮಸಿ, ಸೀದ ಗುರುತು ಸಿಕ್ಕಿವೆ. ಬೇಟೆಗಾರನ ಆವೇಶ, ಕಾಡಿನ ರೋಷ ಎಂದೆಲ್ಲ ಆತ ಓದಿದ್ದನ್ನು ಒಬ್ಬ ಹೆಂಗಸು ಒಲೆಯ ಮುಂದೆ ಕೂತು, ಸೌಟಿಗೆ ಅಡ್ಡ ಬರುತ್ತದೆಂದು ಗೊತ್ತಿದ್ದೂ ಮಾಡಿರಬಹುದು. ಅಡ್ಡ ಬಂದರೂ ಇರಲಿ ಎಂದು ಆಕೆಗೆ ಏಕೆ ಅನಿಸಿತು? ನನಗೆ ದೊಡ್ಡದಾಗಿ ಕಾಣುವ ಪ್ರಶ್ನೆ ಇದು. ದೈತ್ಯ ಗೋಪುರದಿಂದ ಅದಕ್ಕೆ ಉತ್ತರ ಬರುವುದಿಲ್ಲ.

ಇಷ್ಟು ದೂರದ ಮಾತು ಏಕೆಂದರೆ, ನಮ್ಮ ನೆಲದಲ್ಲೂ ಅಂಥ ಕೈಗಳ ಕೆಲಸ ಬಿದ್ದಿದೆ. ಅದಕ್ಕೆ ಓಕಾಮೋಟೋ ಸಿಕ್ಕಿಲ್ಲ. ಯಾದಗಿರಿ ಕಡೆ ನೋಡುವಂಥದ್ದೇನಿದೆ ಎಂದು ಹೊರಗಿನವರು ಕೇಳಿದರೆ ನಾವು ಕೋಟೆ ಹೇಳುತ್ತೇವೆ, ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನನ್ನು ತೋರಿಸುತ್ತೇವೆ. ಕಲೆ ಎಂದರೆ ಸುರಪುರದ ನಾಯಕ ಅರಸರ ಕಾಲದ, ಚಿನ್ನದ ರೇಕಿನ ಚಿತ್ರಗಳು. ಅವು ಚೆಂದವೇ, ಅಭಿಮಾನ ಪಡಬೇಕಾದವೇ. ಅವಕ್ಕಿಂತ ಮುಂಚೆ ಇಲ್ಲಿ ಏನೂ ಇರಲಿಲ್ಲವೆನ್ನುವ ಹಾಗೆ ಮಾತಾಡುತ್ತೇವಲ್ಲ, ತಕರಾರು ಅಲ್ಲಿದೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಕಲ್ಲಾಯುಧ ಕೆತ್ತಿದ ಜಾಗಕ್ಕೆ ಹತ್ತಿರ ಹತ್ತಿರ 12 ಲಕ್ಷ ವರ್ಷ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದು ಬಹಳ ದೂರದ ಕಾಲ, ಬಿಡಿ. ನಾನು ಹೇಳಹೊರಟಿದ್ದು ಬೂದಿಹಾಳದ ಮಾತು.

ಹಳೆಯ ಸುರಪುರ ತಾಲ್ಲೂಕಿನ ಬೂದಿಹಾಳ, ಕೊಡೇಕಲ್ಲು ಮುಂತಾದ ಕಡೆ ಬೂದಿಯ ದಿಬ್ಬಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಕೊಡೇಕಲ್ಲನ್ನು 1960ರ ದಶಕದಲ್ಲಿ, ಬೂದಿಹಾಳವನ್ನು 1990ರ ದಶಕದಲ್ಲಿ ಅಗೆಸಿದರು. ಬೂದಿಹಾಳದ್ದು ಸುಮಾರು 4,000 ವರ್ಷದ ಹಿಂದಿನ ದನಗಾಹಿಗಳ ಊರು. ಇಂಥ ದಿಬ್ಬಗಳು ಬಳ್ಳಾರಿ ಕಡೆಯೂ ಇವೆ. ರಾಕ್ಷಸನನ್ನು ಸುಟ್ಟ ಬೂದಿ ಎಂದು ಜನ ಕಥೆ ಹೇಳಿದರು. ಸಾಹೇಬರು ಜ್ವಾಲಾಮುಖಿ ಎಂದರು, ಕಬ್ಬಿಣದ ಕುಲುಮೆ ಎಂದರು. ಕೊನೆಗೆ 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ ಇದು ಸಗಣಿಯ ಬೂದಿಯೇ ಎಂದು ಗಟ್ಟಿ ಮಾಡಿದ. ಒಂದು ಕುಳ್ಳು ಹೇಗೆ ಉರಿದು ಹೇಗೆ ಬೂದಿಯಾಗುತ್ತದೆಂದು ಬಲ್ಲ ಒಬ್ಬ ಮುದುಕಿಯನ್ನು ಕರೆದು ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತೇನೋ.

ದನದ ಹಟ್ಟಿಯಲ್ಲಿ ವರ್ಷಗಟ್ಟಲೆ ಒಟ್ಟಿದ ಸಗಣಿಗೆ ಆಗಾಗ ಬೆಂಕಿ ಇಟ್ಟಿದ್ದಾರೆ. ಕೆಲವು ಕಡೆ ಶಾಖ ಎಷ್ಟು ಏರಿದೆಯೆಂದರೆ ಬೂದಿಯೇ ಕರಗಿ ಗಾಜಿನಂಥ ಕಿಟ್ಟವಾಗಿದೆ. ಪದರದ ಮೇಲೆ ಪದರ, ತಲೆಮಾರಿನ ಮೇಲೆ ತಲೆಮಾರು. ಹೊಲಕ್ಕೆ ಗೊಬ್ಬರವಾಗಬೇಕಾದದ್ದನ್ನು ಏಕೆ ಸುಟ್ಟರು? ದನ ಮತ್ತು ಬೆಂಕಿಯ ಹಬ್ಬಗಳಲ್ಲಿ, ಎತ್ತುಗಳನ್ನು ಕಿಚ್ಚು ಹಾಯಿಸುವ ಪದ್ಧತಿಯಲ್ಲಿ ಅದರ ನೆನಪು ಉಳಿದಿರಬಹುದೆಂದು ಆಲ್‌ಚಿನ್ ಎಂಬ ವಿದ್ವಾಂಸ 1963ರಲ್ಲೇ ಬರೆದ. ಇವು ಬರಿಯ ತಿಪ್ಪೆಯಲ್ಲ, ದೂರಕ್ಕೆ ಕಾಣಲೆಂದು ಬೇಕೆಂದೇ ಬೆಳೆಸಿದ ಸ್ಮಾರಕಗಳು ಎಂದು ಈಚಿನ ಕೆಲವರ ವಾದ. ಆ ವಾದ ನಿಜವಾದರೆ ನಮ್ಮ ಊರ ಮಗ್ಗುಲಲ್ಲಿರುವುದು ಸಗಣಿ ಮತ್ತು ಬೆಂಕಿಯಿಂದ ಮಾಡಿದ ಶಿಲ್ಪ.

ಆ ಜನರ ಗಡಿಗೆಗಳಾದರೋ ಸಾದಾ. ಬೂದು ಬಣ್ಣ, ಕೈಯಿಂದ ಮಾಡಿದ್ದು, ಮೈಯನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ್ದು. ಕೊಂಬಿಲ್ಲ, ಸುಳಿಯಿಲ್ಲ. ವಸ್ತುಸಂಗ್ರಹಾಲಯದಲ್ಲಿ ಇಂಥವುಗಳ ಮುಂದೆ ಯಾರೂ ಒಂದು ನಿಮಿಷ ನಿಲ್ಲುವುದಿಲ್ಲ. ಜಪಾನಿನಲ್ಲಿ ಉರಿಗೊಂಬಿನ ಗಡಿಗೆ ಇದೆ, ನಮ್ಮಲ್ಲಿಯೂ ಒಂದು ಇರಬೇಕು ಎಂದು ಹುಡುಕಿದರೆ ಸಿಗುವುದಿಲ್ಲ. ಇಲ್ಲಿನ ಜನರ ಕಲ್ಪನೆ ಗಡಿಗೆಯ ಬಾಯಿಗೆ ಏರಲಿಲ್ಲ. ಅದು ನೆಲದ ಮೇಲೆ ಹರಡಿತು.

ಹಾಗೆ ಹರಡಿದ್ದನ್ನು ನೋಡಬೇಕಾದರೆ ಶಹಾಪುರದ ಹತ್ತಿರದ ವಿಭೂತಿಹಳ್ಳಿಗೆ ಹೋಗಬೇಕು. (ಒಂದು ಊರಿಗೆ ಬೂದಿ, ಇನ್ನೊಂದಕ್ಕೆ ವಿಭೂತಿ, ಹೆಸರಿನ ಸೊಗಸು ನೋಡಿ.) ಬಯಲಿನಲ್ಲಿ ಕಲ್ಲುಗುಂಡುಗಳನ್ನು ಸಾಲು ಸಾಲಾಗಿ ಇಟ್ಟಿದ್ದಾರೆ. ಬೂದಿದಿಬ್ಬದವರ ನಂತರದ, ಬೃಹತ್ ಶಿಲಾಯುಗದ ಕೆಲಸ. ಸುರಪುರದಲ್ಲಿ 1841ರಿಂದ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಇವನ್ನು ಅಳೆದು ಬರೆದಿಟ್ಟ. ಆತ ಸ್ವತಃ ಚಿತ್ರ ಬರೆಯುತ್ತಿದ್ದವನು, ಹಾಗಾಗಿ ಒಂದು ಮಾತು ಗಮನಿಸಿದ: ಕಲ್ಲುಗಳು ಒಂದರ ಹಿಂದೆ ಒಂದಿಲ್ಲ. ಮೊದಲ ಸಾಲಿನ ಎರಡು ಕಲ್ಲಿನ ನಡುವಿನ ಸಂದಿಗೆ ಎದುರಾಗಿ ಮುಂದಿನ ಸಾಲಿನ ಕಲ್ಲು. ಓರೆಯಾಗಿ ನೋಡಿದರೂ ಸಾಲು, ನೆಟ್ಟಗೆ ನೋಡಿದರೂ ಸಾಲು.

ಓದುವ ನೀವು ಇದಕ್ಕೆ ಹೆಸರು ಆಗಲೇ ಹೇಳಿರುತ್ತೀರಿ: ಸಂದುಚುಕ್ಕಿ. ಟೇಲರನಿಗೆ ಅದು ಗೊತ್ತಿರಲಿಲ್ಲ. ಸೂರ್ಯ ಹುಟ್ಟುವ ಮುಳುಗುವ ದಿಕ್ಕಿಗೆ ಈ ಸಾಲುಗಳು ಹೊಂದುತ್ತವೆಯೇ ಎಂದು ಈಚೆಗೆ ವಿಜ್ಞಾನಿಗಳು ಅಳೆದಿದ್ದಾರೆ. ಹೊಂದಲಿ, ಬಿಡಲಿ, ಯಾರೋ ಬಯಲಿನಲ್ಲಿ ನಿಂತು ಕಣ್ಣಳತೆಯಿಂದ ಇನ್ನಷ್ಟು ಆ ಕಡೆ, ಇನ್ನಷ್ಟು ಈ ಕಡೆ ಎಂದು ಕಲ್ಲು ಉರುಳಿಸಿದ್ದಂತೂ ನಿಜ.

ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಕಾರ್ಲ್ ಆಂಡ್ರೆ ಎಂಬ ಶಿಲ್ಪಿ 1977ರಲ್ಲಿ 36 ಕಲ್ಲುಗುಂಡು ತರಿಸಿ ಇಟ್ಟ. ಮೊದಲ ಸಾಲಿನಲ್ಲಿ ಒಂದು, ಎರಡನೆಯದರಲ್ಲಿ ಎರಡು, ಹೀಗೆ ಎಂಟರವರೆಗೆ. ಉಳಿ ತಾಗಿಸಲಿಲ್ಲ. ಇದಕ್ಕೆ ಇಷ್ಟು ಡಾಲರೇ, ಇದೂ ಕಲೆಯೇ ಎಂದು ಊರವರು ಗದ್ದಲ ಮಾಡಿದರು. ಇಂದು ಅದು ಆಧುನಿಕ ಶಿಲ್ಪದ ಚರಿತ್ರೆಯಲ್ಲಿದೆ. ಎಂಟರಿಂದ ಒಂದಕ್ಕೆ ಚುಕ್ಕಿ ಇಡುವುದು ನಮ್ಮ ಹುಡುಗಿಯರು ಹತ್ತು ವರ್ಷದೊಳಗೆ ಕಲಿಯುವ ಪಾಠ. ಆಂಡ್ರೆಯನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಕಲ್ಲನ್ನು ಕೆತ್ತದೆ, ಇಡುವುದರಲ್ಲೇ ಕಲೆ ಇದೆಯೆಂದು ಆತನಂಥವರು ಹಟ ಹಿಡಿದದ್ದರಿಂದಲೇ ನಾವಿಂದು ವಿಭೂತಿಹಳ್ಳಿಯ ಬಯಲನ್ನು ಕಲೆಯೆಂದು ನೋಡುವ ಧೈರ್ಯ ಮಾಡಬಹುದು. ಓಕಾಮೋಟೋ ಜೋಮೋನಿಗೆ ಮಾಡಿದ ಉಪಕಾರವೂ ಇದೇ. ಹಳೆಯದು ಹೊಸದಕ್ಕೆ ದಾರಿ ತೋರಿಸಿತು ಎನ್ನುತ್ತೇವೆ. ಹೊಸದು ಹಳೆಯದರ ಮೇಲಿನ ಧೂಳು ಒರೆಸುವುದೂ ಉಂಟು.

ಕನ್ನಡ ನಾಡಿನಲ್ಲಿ ಹೀಗೆ ಧೂಳು ಒರೆಸಿದವರು ಯಾರು ಎಂದರೆ ನನಗೆ ನೆನಪಾಗುವುದು ಶೀಲಾ ಗೌಡ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಈಕೆ ಮೊದಲು ತೈಲವರ್ಣದ ಚಿತ್ರ ಬರೆಯುತ್ತಿದ್ದವರು. 1990ರ ದಶಕದ ಮೊದಲಲ್ಲಿ, ದೇಶ ಕೋಮುಗಲಭೆಯಲ್ಲಿ ಉರಿಯುತ್ತಿದ್ದಾಗ, ಕುಂಚ ಬದಿಗಿಟ್ಟು ಸಗಣಿ ಹಿಡಿದರು. ಸಗಣಿಯನ್ನು ಬಳಿದರು, ತಟ್ಟಿದರು, ಇಟ್ಟಿಗೆ ಮಾಡಿ ಸಾಲಾಗಿ ಜೋಡಿಸಿದರು. ಪೂಜೆಗೂ ಬೇಕು, ಒಲೆಗೂ ಬೇಕು, ಹೆಂಗಸರ ಕೈಗಂಟಿದ ದುಡಿಮೆಯೂ ಅದೇ ಎಂಬುದನ್ನು ಬಲ್ಲವರು ಮಾತ್ರ ಆ ಕೆಲಸ ಮಾಡಬಲ್ಲರು. 1998ರ ಇನ್ನೊಂದು ಕೃತಿಯಲ್ಲಿ ಹಲವಾರು ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ದಾರಗಳನ್ನೆಲ್ಲ ಕುಂಕುಮ ಮತ್ತು ಅಂಟಿನಲ್ಲಿ ಸೇರಿಸಿ ಹಗ್ಗ ಮಾಡಿದರು. ಕೆಂಪು ಹಗ್ಗ ಗೋಡೆಯಿಂದ ಇಳಿದು ನೆಲದ ಮೇಲೆ ಸುಳಿಸುಳಿಯಾಗಿ ಹರಿದು, ತುದಿಯಲ್ಲಿ ಸೂಜಿಗಳ ಗೊಂಚಲಾಗಿ ನೇತಾಡುತ್ತದೆ. ಚಿತ್ರದಲ್ಲಿ ನೋಡಿದರೂ ಬೆರಳು ಚುರುಗುಡುತ್ತದೆ. ಬೂದಿಹಾಳವನ್ನೋ ಜೋಮೋನನ್ನೋ ನೆನೆದು ಅವರು ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಹಗ್ಗ, ಸಗಣಿ, ಬೆರಳು ಇವು ಎಷ್ಟು ದೂರ ಹೋಗಬಲ್ಲವು ಎಂದು ತಿಳಿದ ಮೇಲೆ ಬೂದಿದಿಬ್ಬ ನನಗೆ ಮೊದಲಿನ ಹಾಗೆ ಕಾಣಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ಈ ಭಾಗದ ನವಶಿಲಾಯುಗದ ನೆಲೆಗಳಲ್ಲಿ ಮಣ್ಣಿನ ಹೋರಿಗಳು ಸಿಕ್ಕಿವೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ಹಿಣಿಲಿನ ಹೋರಿಗಳ ಚಿತ್ರಗಳಿವೆ. ನಾವು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡುತ್ತೇವೆ, ದೀಪಾವಳಿ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಕೂಡಿಸಿ ಹೂ ಚುಚ್ಚುತ್ತೇವೆ. ನೋಡಿ, ನಾಲ್ಕು ಸಾವಿರ ವರ್ಷದ ಪರಂಪರೆ ಎಂದು ಭಾಷಣ ಮಾಡುವುದು ಸುಲಭ. ನಡುವೆ ಎಷ್ಟೋ ಜನ ಬಂದರು, ಹೋದರು. ದಾರ ಎಲ್ಲಿಯೂ ಕಡಿಯಲಿಲ್ಲ ಎಂದು ಹೇಳಲು ಪುರಾವೆ ಇಲ್ಲ. ನನಗೆ ಆ ಭಾಷಣ ಬೇಡ. ಹಬ್ಬ ಮುಗಿದ ಮೇಲೆ ನೀರಿಗೆ ಬಿಡುವ, ತಿಪ್ಪೆಗೆ ಹೋಗುವ ಈ ಕೆಲಸವನ್ನು ನೋಡುವ ಕಣ್ಣು ನಮಗಿದೆಯೇ ಎಂಬುದಷ್ಟೇ ನನ್ನ ಕೇಳಿಕೆ. ನಮ್ಮ ಕಡೆಯ ಹುಡುಗ ಹುಡುಗಿಯರು ಚಿತ್ರಕಲೆ ಓದುವಾಗ ಪ್ಯಾರಿಸ್ಸಿನ ಮೂಲಕ ಆಫ್ರಿಕದ ಮುಖವಾಡಗಳ ಪಾಠ ಆಗುತ್ತದೆ, ಆಗಲಿ. ಶಹಾಪುರದ ಬಸ್ಸು ಹತ್ತಿ ವಿಭೂತಿಹಳ್ಳಿಯಲ್ಲಿ ಇಳಿದು, ಒಂದು ದಿನ ಕೂತು ಆ ಕಲ್ಲುಗಳ ನೆರಳು ಬರೆದು ಬರಲು ಹೇಳುವ ಮೇಷ್ಟ್ರುಗಳ ಸಂಖ್ಯೆಯೂ ಹೆಚ್ಚಲಿ. ಎಷ್ಟೋ ಕಲ್ಲುಗಳು ಈಗಾಗಲೇ ಹಾಳಾಗಿವೆ.

ಬೂದಿಹಾಳದ ಅಗೆತದಲ್ಲಿ ಮನೆಗಳ ಜಾಗದಲ್ಲಿ ಮಕ್ಕಳ ಸಮಾಧಿಗಳು ಸಿಕ್ಕವು. ಎಳೆಗೂಸನ್ನು ಗಡಿಗೆಯೊಳಗೆ ಇಟ್ಟು ಹುಗಿದಿದ್ದಾರೆ, ಅದೇ ಸಾದಾ ಬೂದು ಗಡಿಗೆ. ಉತ್ತರ ಜಪಾನಿನ ಸನ್ನಾಯ್ ಮಾರುಯಾಮಾ ಎಂಬ ದೊಡ್ಡ ಜೋಮೋನ್ ಊರಿನಲ್ಲಿಯೂ ಮಕ್ಕಳನ್ನು ಹೀಗೆಯೇ ಗಡಿಗೆಯಲ್ಲಿಟ್ಟು ಮಣ್ಣು ಮಾಡಿದ್ದಾರೆ. ಕೆಲವಕ್ಕೆ ಬಾಯಿ ಒಡೆದು, ಕೆಲವಕ್ಕೆ ತೂತು ಕೊರೆದು. ಎರಡೂ ಕಡೆ ಮನೆಯಲ್ಲಿ ಬಳಸುವಂಥ ಗಡಿಗೆಗಳೇ. ಸನ್ನಾಯ್ ಮಾರುಯಾಮಾ ಸೇರಿದಂತೆ ಅಲ್ಲಿನ ಜೋಮೋನ್ ನೆಲೆಗಳು 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೂದಿಹಾಳ ಪದ್ದಯ್ಯನವರ ವರದಿಗಳಲ್ಲಿದೆ.