ಮೊಲ್ಲಿ ಹೊದ್ದ ಕಂಬಳಿ

ಹಾಲಿವುಡ್‌ನ ಹಳೆಯ ವೆಸ್ಟರ್ನ್ ಚಿತ್ರಗಳಲ್ಲಿ ಬುಡಕಟ್ಟು ಯಾವುದಾದರೇನು, ತಲೆಗೆ ಗರಿಯ ಕಿರೀಟ, ಮೈಗೆ ಕುಚ್ಚಿನ ಚರ್ಮದಂಗಿ. ಜಾನ್ ಫೋರ್ಡ್ ನವಾಹೋ ಜನರನ್ನೇ ಒಂದು ಚಿತ್ರದಲ್ಲಿ ಅಪಾಚೆಗಳೆಂದು, ಇನ್ನೊಂದರಲ್ಲಿ ಕಮಾಂಚಿಗಳೆಂದು ಕುದುರೆ ಹತ್ತಿಸಿದರು. ನೋಡುವವರಿಗೆ ಎಲ್ಲಿ ಗೊತ್ತಾಗಬೇಕು ಎಂಬ ಧೈರ್ಯ ಅದು. ಮಾರ್ಟಿನ್ ಸ್ಕಾರ್ಸೆಸೆಯವರ ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’ (2023) ಅಂಥ ಧೈರ್ಯ ಮಾಡುವುದಿಲ್ಲ. 1920ರ ದಶಕದ ಓಕ್ಲಹೋಮಾದಲ್ಲಿ ತೈಲದ ಹಣಕ್ಕಾಗಿ ಓಸೇಜ್ ಜನರನ್ನು ಒಬ್ಬೊಬ್ಬರಾಗಿ ಕೊಂದ ಕತೆಯಿದು. ವಸ್ತ್ರವಿನ್ಯಾಸಕಿ ಜಾಕ್ವೆಲಿನ್ ವೆಸ್ಟ್ ಓಸೇಜ್ ಸಮುದಾಯದವರೇ ಆದ ಜೂಲಿ ಓಕೀಫ್ ಅವರನ್ನು ಸಲಹೆಗಾರ್ತಿಯಾಗಿ ಜೊತೆಗಿಟ್ಟುಕೊಂಡು ಕೆಲಸ ಮಾಡಿದರು.

ಅದರ ಫಲ ನಾಯಕಿ ಮೊಲ್ಲಿಯ ಮದುವೆಯ ದೃಶ್ಯದಲ್ಲಿದೆ. ಮದುಮಗಳು ತೊಟ್ಟಿರುವುದು ಸೈನ್ಯಾಧಿಕಾರಿಯ ಮಾದರಿಯ ಕೋಟು, ತಲೆಗೆ ಗರಿಗೊಂಚಲು ಸಿಕ್ಕಿಸಿದ ಎತ್ತರದ ಹ್ಯಾಟು. ‘ಅಪ್ಪಟ ಆದಿವಾಸಿ ಉಡುಗೆ’ಗಾಗಿ ಕಾದು ಕುಳಿತವರು ತಬ್ಬಿಬ್ಬಾಗಬೇಕು. ಹಿಂದೆ ವಾಷಿಂಗ್ಟನ್‌ಗೆ ಹೋದ ಓಸೇಜ್ ಮುಖಂಡರಿಗೆ ಸರ್ಕಾರ ಕೊಟ್ಟ ಕೋಟುಗಳು ಆ ಆಜಾನುಬಾಹುಗಳ ಮೈಗೆ ಹಿಡಿಸಲಿಲ್ಲ. ಹಾಗಾಗಿ ಹೆಣ್ಣುಮಕ್ಕಳ ಪಾಲಾಗಿ ಮದುವೆಯ ಉಡುಪಾದವು ಎಂದು ಓಸೇಜರು ಹೇಳುತ್ತಾರೆ. ಅವರ ಹೆಸರಾಂತ ರಿಬ್ಬನ್ ಕಸೂತಿಗೆ ಬೇಕಾದ ರೇಷ್ಮೆ ಪಟ್ಟಿಯೂ ವ್ಯಾಪಾರಿಗಳಿಂದಲೇ ಬಂದದ್ದು. ಹೊರಗಿನಿಂದ ಬಂದದ್ದೆಂದು ಇದ್ಯಾವುದನ್ನೂ ವೆಸ್ಟ್ ಸೋಸಿ ತೆಗೆದಿಲ್ಲ. ಚಿತ್ರದ ಬಟ್ಟೆಗಳ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಇದೇ.

ಒಂದೇ ಮನೆಯೊಳಗಿನ ವ್ಯತ್ಯಾಸಗಳೂ ಚೆನ್ನಾಗಿ ಬಂದಿವೆ. ತಾಯಿ ಲಿಜ್ಜಿ ಹಳೆಯ ಉಡುಗೆ ಬಿಟ್ಟವಳಲ್ಲ. ಮಗಳು ಆ್ಯನಾ ಆ ಕಾಲದ ಪೇಟೆ ಹುಡುಗಿಯರ ಫ್ಯಾಷನ್‌ಗೆ ಮನಸೋತವಳು. ಇನ್ನೊಬ್ಬ ಮಗಳು ಮೊಲ್ಲಿ ಮಾತ್ರ ಕಾರಿನಲ್ಲಿ ಓಡಾಡುವಾಗಲೂ ಕಂಬಳಿ ಹೊದ್ದೇ ಇರುತ್ತಾಳೆ. ತನ್ನದೇ ಹಣ ಕೇಳಲು ಬಿಳಿಯ ಪೋಷಕನೆದುರು ಕುಳಿತು, ತಾನು ಕಾನೂನಿನ ಕಣ್ಣಿಗೆ ‘ಅಸಮರ್ಥಳು’ ಎಂದು ತಾನೇ ಒಪ್ಪಿಸಬೇಕಾಗುತ್ತದೆ. ಅಲ್ಲಿ ಮೊಲ್ಲಿಯ ಪಾತ್ರದ ಲಿಲಿ ಗ್ಲ್ಯಾಡ್‌ಸ್ಟೋನ್ ಕಂಬಳಿಯೊಳಗೆ ಬೆನ್ನು ನೆಟ್ಟಗೆ ಮಾಡಿ ಕುಳಿತಿರುವ ಗತ್ತು ಕಡತದ ಆ ಪದವನ್ನು ಸುಳ್ಳು ಮಾಡುತ್ತದೆ.

ನನ್ನ ತಕರಾರು ಬೇರೆ. ಬಟ್ಟೆಗೆ ಸಿಕ್ಕಷ್ಟು ಅಧಿಕಾರ ಅದನ್ನು ತೊಟ್ಟವಳಿಗೆ ಚಿತ್ರಕತೆಯಲ್ಲಿ ಸಿಕ್ಕಿಲ್ಲ. ವಿಷವೇರಿ ಮೊಲ್ಲಿ ಹಾಸಿಗೆ ಹಿಡಿದ ಮೇಲೆ ಕತೆ ಅವಳ ಗಂಡ ಅರ್ನೆಸ್ಟ್‌ನ ಹಿಂದೆ ಹೊರಟುಬಿಡುತ್ತದೆ. ಅವಳು ಏನನ್ನು ಊಹಿಸಿದ್ದಳು, ಯಾರನ್ನು ಶಂಕಿಸಿದ್ದಳು ಎಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ. ಚಿತ್ರದ ಓಸೇಜ್ ಭಾಷಾ ಸಲಹೆಗಾರರಲ್ಲೊಬ್ಬರಾದ ಕ್ರಿಸ್ಟೋಫರ್ ಕೋಟೆ ಕೂಡ ಈ ಕತೆಯನ್ನು ಮೊಲ್ಲಿಯ ಕಣ್ಣಿನಿಂದ ನೋಡಲು ಬಯಸಿದ್ದಾಗಿ ಬಹಿರಂಗವಾಗಿ ಹೇಳಿದ್ದರು. ಗುಂಡಿ, ಅಂಚು, ಹೊಲಿಗೆಗೆ ಸಮುದಾಯದ ಮಾತು ಕೇಳುವುದು ಸುಲಭ. ಕತೆಯನ್ನು ಯಾರು ಹೇಳಬೇಕೆಂದು ಕೇಳಿದರೆ ನಾಯಕನಟನ ಪಾತ್ರಕ್ಕೇ ಕತ್ತರಿ ಬೀಳಬಹುದು!

ಕೊನೆಯಲ್ಲಿ ಓಸೇಜರು ನಗಾರಿಯ ಸುತ್ತ ಕುಣಿಯುತ್ತಾರೆ. ಕ್ಯಾಮೆರಾ ಮೇಲೇರುತ್ತ ಹೋಗಿ ಕುಣಿಯುವವರೆಲ್ಲ ಬಣ್ಣದ ವರ್ತುಲವಾಗುತ್ತಾರೆ. ನೋಟ ಭವ್ಯವಾಗಿದೆ, ನಿಜ. ಆದರೆ ಮೂರು ಗಂಟೆಗೂ ಮೀರಿ ಆ ರಿಬ್ಬನ್ನು, ಆ ಕಂಬಳಿಗಳನ್ನು ಹತ್ತಿರದಿಂದ ನೋಡಲು ಕಲಿಸಿದ ಚಿತ್ರ ಇಲ್ಲೂ ನೆಲದ ಮೇಲೇ ನಿಲ್ಲಬಹುದಿತ್ತು. ತೊಟ್ಟವರ ಮುಖವಾದರೂ ಕಾಣುತ್ತಿತ್ತು.